ಪರ್ವತವೋ, ಮಾದಪ್ಪನ ಬೆಟ್ಟವೋ?

ನಮ್ಮ ಗುಂಡ್ಲುಪೇಟೆ ಕಡೆ ದೀಪಾವಳಿ ಅಂದ್ರೆ ಪಟಾಕಿಗಿಂತ ಮೊದಲು ನೆನಪಾಗೋದು ಮಾದಪ್ಪ. 2024ರ ಹಬ್ಬಕ್ಕೆ ನನ್ನ ಮುಂದೆ ಎರಡು ಬೆಟ್ಟಗಳಿದ್ದವು. ಆಫೀಸಿನ ಗೆಳೆಯರದ್ದು ಕುಕ್ಕೆಯಿಂದ ಕುಮಾರಪರ್ವತ... 1712 ಮೀಟರ್ ಎತ್ತರ, ದಾರೀಲಿ ಭಟ್ಟರ ಮನೆ, ಮೇಲೆ ಮೋಡ. ಅಪ್ಪನದ್ದು ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬರಿಗಾಲ ನಡಿಗೆ.

"ಜಾತ್ರೆ ಗದ್ದಲ ಯಾಕೆ ಗುರೂ, ಪರ್ವತ ಅಂದ್ರೆ ನೆಮ್ಮದಿ" ಅಂದ ಒಬ್ಬ ಗೆಳೆಯ. ನಗು ಬಂತು. ಅದೇ ವರ್ಷ ಜನವರಿಯಲ್ಲಿ ಕುಮಾರಪರ್ವತಕ್ಕೆ ಜಾತ್ರೆಯಂತೆ ಜನ ನುಗ್ಗಿದ್ದಕ್ಕೇ ಅಲ್ವಾ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದ್ದು! ಇನ್ನು ಸಾಹಸದ ಮಾತು. ಮಾದಪ್ಪನ ಜಾತ್ರೆಯ ಹಾಲರವಿ ದಿನ ಬೇಡಗಂಪಣರ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನ ಹಳ್ಳದಿಂದ ಕೊಡದಲ್ಲಿ ನೀರು ಹೊತ್ತು ತರ್ತಾರೆ. ಅವರನ್ನು ಯಾರೂ ಟ್ರೆಕ್ಕರ್ ಅನ್ನಲ್ಲ.

ಆದ್ರೂ ಮನಸ್ಸು ಪರ್ವತದ ಕಡೆಗೇ ಎಳೀತಿತ್ತು. ಅಪ್ಪ ಫೋನಲ್ಲಿ ಅಂದ್ರು, "ಮಂಡಿ ಸವ್ದದೆ ಅಂದವ್ರೆ ಡಾಕ್ಟ್ರು. ಮುಂದಿನ್ ಸಲಕ್ಕೆ ಬಸ್ಸೇಯ. ನೀ ಬತ್ತೀಯ ಮಗ?"

ಹೋದೆ. ಅಪ್ಪ ಎಂಟು ಕಡೆ ಕೂತರು. ಕೂತಲ್ಲೆಲ್ಲ ಸುಮ್ಮನಿರದೆ ಸಂಕಮ್ಮನ ಕಥೆ ಹಾಡಿದರು. ಪಕ್ಕದಲ್ಲಿ ಹೋಗ್ತಿದ್ದ ಕಂಸಾಳೆಯವರೊಬ್ಬರು ನಿಂತು ತಾಳ ಹಾಕಿದರು. ಅಪ್ಪನಿಗೆ ಅಷ್ಟು ಪದ ಬಾಯಿಗೆ ಬರುತ್ತೆ ಅಂತ ನನಗೆ ಗೊತ್ತಾಗಿದ್ದೇ ನನ್ನ ಇಪ್ಪತ್ತೆಂಟನೇ ವಯಸ್ಸಿಗೆ!

ಕುಮಾರಪರ್ವತ ಇನ್ನೂ ಬಾಕಿ ಇದೆ. ಹತ್ತಿ ಬಂದವರು ಯಾರಾದ್ರೂ ಇದ್ರೆ ಹೇಳಿ, ಯಾವ ತಿಂಗಳು ಚೆನ್ನ?