ಗಡಿಯಿಂದ ಮರಳಿದವಳ ಎರಡನೆಯ ಪಯಣ

ಹೊಳಲ್ಕೆರೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣದ ದಾರಿ ಈಗ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ತವರಿನ ದಾರಿಯಷ್ಟೇ ಪರಿಚಿತ. ಆದರೆ ಈಚೆಗೆ ನಾನು ಆ ದಾರಿ ಹಿಡಿದದ್ದು, ಅಮೆರಿಕಾದ ಬಾಗಿಲಿನಿಂದಲೇ ಒಮ್ಮೆ ವಾಪಸು ಬಂದಿದ್ದ ಹುಡುಗಿಯನ್ನು ಮತ್ತೆ ಕಳಿಸಿಕೊಡಲು.

ಅವಳ ತವರು ಹೊಸದುರ್ಗ, ಅತ್ತೆಮನೆ ನಮ್ಮ ಪಕ್ಕದ್ದೇ. ಗಂಡ ಅಲ್ಲಿ ಎಂಜಿನಿಯರ್. ಮೊದಲ ಸಲ ಪ್ರವಾಸಿ ವೀಸಾದಲ್ಲಿ ಹೋದಳು. ಇಳಿದೊಡನೆ ಪೆಟ್ಟಿಗೆ ಬಿಚ್ಚಿಸಿದರು. ಡಿಗ್ರಿ ಸರ್ಟಿಫಿಕೇಟು, ಕುಕ್ಕರು, ವರ್ಷಕ್ಕಾಗುವಷ್ಟು ಸಾರಿನಪುಡಿ! “ನೀವು ನೋಡಿಹೋಗಲು ಬಂದವರಲ್ಲ, ಇಲ್ಲೇ ನೆಲೆಸಲು ಬಂದವರು” ಎಂದು ಮರುವಿಮಾನ ಹತ್ತಿಸಿದರು. ಹೊರಗೆ ಗಂಡ ಕಾಯುತ್ತಲೇ ಇದ್ದ. ಊರಿಗೆ ಬಂದರೆ “ಗಂಡನೇ ಬೇಡ ಅಂದನಂತೆ” ಅಂತ ಗುಸುಗುಸು. ಹುಡುಗಿ ತಿಂಗಳುಗಟ್ಟಲೆ ಮದುವೆ ಮುಂಜಿಗೂ ಹೋಗಲಿಲ್ಲ.

ಚಿತ್ರದುರ್ಗ ಬಂತು. ಗುಡ್ಡದ ಮೇಲೆ ಕೋಟೆ, ಅದರಾಚೆ ತಿರುಗುವ ಗಾಳಿಯಂತ್ರಗಳು. ಓಬವ್ವನ ಕಿಂಡಿಯ ಊರಿನವರಾದ ನಮಗೆ ಬಾಗಿಲು ಕಾಯುವವರ ಅನುಮಾನ ಹೊಸದಲ್ಲ, ಅಲ್ಲವೇ? ವೀಸಾ ಎಂದರೆ ಬಾಗಿಲು ತಟ್ಟಲು ಅನುಮತಿ ಅಷ್ಟೆ. ಒಳಗೆ ಬಿಡುವುದು ಅಲ್ಲಿ ಕೂತ ಅಧಿಕಾರಿಗೆ ಸೇರಿದ್ದು. ಅದರಲ್ಲಿ ಹೆಣ್ಣಿನ ಮಾನದ ಮಾತೇನೂ ಇಲ್ಲ. 2020ರ ಜೂನ್‌ನಿಂದ 2021ರ ಮಾರ್ಚ್‌ವರೆಗೆ ಅಮೆರಿಕಾ ಇಂಥ ಎಷ್ಟೋ ಮಂದಿ ಹೆಂಡತಿಯರನ್ನು ಹೊಸ ವೀಸಾದ ಮೇಲೆ ಒಳಗೇ ಬಿಡಲಿಲ್ಲ.

ಹಿರಿಯೂರಿನಲ್ಲಿ ಕಾಫಿಗೆ ನಿಂತೆವು. “1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ” ಎಂದೆ. “ಹಾಗಾದರೆ ನನ್ನದೇ ವಾಸಿ, ದೊಡ್ಡಮ್ಮ!” ಎಂದು ನಕ್ಕಳು. ಅವಳು ನಕ್ಕದ್ದು ನೋಡಿ ಎಷ್ಟು ದಿನವಾಗಿತ್ತೋ!

ಈ ಸಲ ಅವಳ ಕೈಯಲ್ಲಿದ್ದದ್ದು ಎಚ್-4 ವೀಸಾ. ಎಚ್-1ಬಿ ವೀಸಾದಲ್ಲಿ ದುಡಿಯುವವರ ಹೆಂಡತಿ ಜೊತೆಗಿರಲು ಕೊಡುವುದು ಇದನ್ನೇ. ಹಿಂದೆ ಪ್ರವೇಶ ನಿರಾಕರಿಸಿದ್ದರೇ, ಅರ್ಜಿ ಹಿಂದಕ್ಕೆ ಪಡೆದಿದ್ದಿರೇ ಎಂದು ಫಾರಂನಲ್ಲಿ ಕೇಳುತ್ತಾರೆ. ಅವಳು “ಹೌದು” ಎಂದೇ ಬರೆದಳು. ಗೆಳತಿಯರೇ, ಇಲ್ಲಿ ಸುಳ್ಳು ಬರೆದವರಿಗೆ ಬಾಗಿಲು ಜೀವಮಾನವಿಡೀ ಮುಚ್ಚಬಹುದು. ವಾಪಸು ಕಳಿಸುವಾಗ ಕೊಟ್ಟ ಕಾಗದವನ್ನು ಸಿಟ್ಟಿನಲ್ಲಿ ಹರಿಯಬೇಡಿ. ಗಡೀಪಾರು ಆದೇಶವಾದರೆ ಸಾಮಾನ್ಯವಾಗಿ 5 ವರ್ಷದ ತಡೆ. ಅರ್ಜಿಯನ್ನು ಹಿಂದಕ್ಕೆ ಪಡೆಯಲು ಬಿಟ್ಟಿದ್ದರೆ ಆ ತಡೆಯಿಲ್ಲ. ಇವಳದು ಎರಡನೆಯದು. ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆ ಪತ್ರ, ಮದುವೆಯ ಫೋಟೋಗಳು ಕೈಚೀಲದಲ್ಲೇ ಇದ್ದವು.

ಶಿರಾ, ತುಮಕೂರು ದಾಟಿ, ಡಾಬಸ್‌ಪೇಟೆಯಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿ ದೇವನಹಳ್ಳಿ ಸೇರಿದಾಗ ಕತ್ತಲಾಗಿತ್ತು. ಅವಳ ಅತ್ತೆ ಸೊಸೆಯ ಹಣೆಗೆ ಕುಂಕುಮವಿಟ್ಟರು, ಮಾತಾಡಲಿಲ್ಲ.

ಮೂರನೆಯ ದಿನ ಫೋನ್ ಬಂತು. ಒಳಕೋಣೆಯಲ್ಲಿ ಒಂದು ಗಂಟೆ ಕೂರಿಸಿ, ಕಾಗದಗಳನ್ನೆಲ್ಲ ನೋಡಿ ಬಿಟ್ಟರಂತೆ. ಕಸ್ಟಮ್ಸ್‌ನವರಿಗೆ ಚಟ್ನಿಪುಡಿಯನ್ನೂ ತಾನೇ ಹೇಳಿ ತೋರಿಸಿದಳಂತೆ. ಅದನ್ನೂ ಬಿಟ್ಟರಂತೆ!