ಬೇಡ ಅಂದಮೇಲೆ

1939ರ ಜೂನ್ 20, ಮಂಗಳವಾರ ಮಧ್ಯಾಹ್ನ. ನ್ಯೂಯಾರ್ಕಿನ ಗ್ರಾಮರ್ಸಿ ಪಾರ್ಕ್ ಪಕ್ಕದ ನ್ಯಾಷನಲ್ ಆರ್ಟ್ಸ್ ಕ್ಲಬ್ಬಿನಲ್ಲಿ ಇಬ್ಬರು ಊಟಕ್ಕೆ ಕೂತಿದ್ದಾರೆ. ಒಬ್ಬರು ಹೆನ್ರಿ ಲೈಪರ್, ಅಮೆರಿಕದ ಪ್ರೊಟೆಸ್ಟೆಂಟ್ ಸಭೆಗಳ ಒಕ್ಕೂಟದ ದೊಡ್ಡ ಪದಾಧಿಕಾರಿ. ಎದುರಿಗೆ ಕನ್ನಡಕ ಹಾಕಿದ, ಕೂದಲು ತೆಳ್ಳಗಾಗಿರುವ 33ರ ಜರ್ಮನ್ ಪಾದ್ರಿ ಡೀಟ್ರಿಶ್ ಬೋನ್‌ಹೋಫರ್. ಹಡಗಿನಿಂದ ಇಳಿದು ಎಂಟು ದಿನ ಆಗಿದೆ ಅಷ್ಟೆ.

ಲೈಪರ್ ಒಂದು ಕೆಲಸ ಹೊಂದಿಸಿ ಇಟ್ಟಿದ್ದಾರೆ. ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರನ್ನು ನೋಡಿಕೊಳ್ಳುವ ಸೇವೆ. ಒಪ್ಪಿಕೊಂಡರೆ ಜೀವಕ್ಕೆ ಅಪಾಯವಿಲ್ಲ, ಮಾಡುವುದೂ ದೇವರ ಕೆಲಸವೇ. ಆದರೆ ಹಿಟ್ಲರನ ಕಣ್ಣಿಗೆ ಇಂಥ ಕೆಲಸ ಬಿದ್ದಮೇಲೆ ಊರಿಗೆ ಮರಳುವ ದಾರಿ ಮುಚ್ಚಿದಂತೆಯೇ. ಬೋನ್‌ಹೋಫರ್ ಬೇಡ ಅನ್ನುತ್ತಾರೆ. ಲೈಪರ್ ಮುಖದಲ್ಲಿ ಬೇಸರ ಕಾಣುತ್ತದೆ. ಇಷ್ಟೆಲ್ಲ ಓಡಾಡಿ, ಹಲವರನ್ನು ಕೇಳಿ, ಒಬ್ಬ ಮನುಷ್ಯನ ಪ್ರಾಣ ಉಳಿಸಲು ಮಾಡಿದ ಏರ್ಪಾಡು ಒಂದು ಊಟದಲ್ಲಿ ಮುಗಿಯಿತು.

ಈಗ ಬೋನ್‌ಹೋಫರ್ ಹಿಂದೆಯೇ ಮೇಲಿನ ಮ್ಯಾನ್‌ಹಟನ್ನಿಗೆ ಹೋಗೋಣ. ಬ್ರಾಡ್‌ವೇ ಮತ್ತು 121ನೇ ಬೀದಿ ಕೂಡುವಲ್ಲಿ ಯೂನಿಯನ್ ಥಿಯಲಾಜಿಕಲ್ ಸೆಮಿನರಿ. ಅಲ್ಲಿ ಅತಿಥಿಗಳಿಗೆ ಕೊಡುವ ಕೋಣೆಗೆ ಪ್ರವಾದಿಯ ಕೋಣೆ ಎಂದು ಹೆಸರು. ಬೈಬಲಿನಲ್ಲಿ ಶೂನೇಮಿನ ಹೆಂಗಸು ಪ್ರವಾದಿ ಎಲೀಷನಿಗಾಗಿ ಮಾಳಿಗೆಯ ಮೇಲೆ ಕಟ್ಟಿಸಿ, ಮಂಚ, ಮೇಜು, ಕುರ್ಚಿ, ದೀಪ ಇಡಿಸಿದ ಕೋಣೆಯ ನೆನಪಿಗೆ ಇಟ್ಟ ಹೆಸರು. ಹೊರಗೆ ಜೂನ್ ತಿಂಗಳ ಸೆಖೆ. ಒಂದರ ಹಿಂದೆ ಒಂದು ಸಿಗರೇಟು. ಮೇಜಿನ ಮೇಲೆ ಡೈರಿ.

ಲೈಪರ್ ಎದುರು ಕಾರಣ ಕೊಟ್ಟು ಬಂದಾಗಿದೆ. ಇಲ್ಲಿ ಕೂತು ಅದೇ ಕಾರಣಗಳನ್ನು ತಿರುಗಿಸಿ ನೋಡಿದರೆ ಒಂದೂ ಗಟ್ಟಿಯಾಗಿ ನಿಲ್ಲುತ್ತಿಲ್ಲ. ನಾವು ಮಾಡಿದ್ದಕ್ಕೆ ಇತರರಿಗೆ ಕೊಡುವ ಕಾರಣ, ನಮಗೇ ಕೊಟ್ಟುಕೊಳ್ಳುವ ಕಾರಣ ಎರಡೂ ಸಾಲುವುದಿಲ್ಲ, ಮನಸ್ಸು ಮಾಡಿದರೆ ಯಾವುದಕ್ಕೂ ಸಮರ್ಥನೆ ಹುಟ್ಟಿಸಬಹುದು ಎಂಬರ್ಥದಲ್ಲಿ ಬರೆಯುತ್ತಾರೆ. ಜೀವನದ ಯಾವ ನಿರ್ಧಾರದಲ್ಲೂ ತನ್ನ ಉದ್ದೇಶ ತನಗೇ ಪೂರ್ತಿ ಕಾಣಿಸಿದ್ದಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಇದು ಒಳಗಿನ ಕಪಟವೋ, ನಮ್ಮ ಅರಿವಿಗೆ ಮೀರಿದ ಕೈ ನಮ್ಮನ್ನು ನಡೆಸುತ್ತಿದೆ ಎಂಬುದರ ಗುರುತೋ? ಎರಡೂ ಇರಬಹುದೇ ಎಂದೂ ಕೇಳಿಕೊಳ್ಳುತ್ತಾರೆ. ಕಡೆಯದು ಸಲೀಸಾಗಿ ಬಾಯಿಂದ ಬರುವ ಪ್ರಶ್ನೆಯಲ್ಲ.

ಇಲ್ಲಿಗೆ ಬಂದದ್ದೇ ಕಲಬೆರಕೆ ಕಾರಣಕ್ಕೆ. ಮೇ ತಿಂಗಳಲ್ಲಿ ಸೈನ್ಯದ ನೋಟೀಸು ಬಂತು. ಹಿಟ್ಲರನ ಹೆಸರಲ್ಲಿ ಪ್ರಮಾಣ ಮಾಡುವುದಿಲ್ಲ ಅಂದರೆ ತಲೆ ಉಳಿಯುವುದಿಲ್ಲ. ತಾನೊಬ್ಬ ಹಾಗೆ ನಿಂತರೆ ಅದರ ಪೆಟ್ಟು ನಾಜಿಗಳಿಗೆ ಬಾಗದ ಕನ್ಫೆಸಿಂಗ್ ಚರ್ಚಿನ ಎಲ್ಲರ ಮೇಲೆ ಬೀಳುತ್ತದೆ. ಸಭೆಯ ಕಾಳಜಿ ಎಷ್ಟು, ಸ್ವಂತ ಭಯ ಎಷ್ಟು? ಅಳೆಯುವವರು ಯಾರು?

ಹಿಂದಿನ ವಾರ ಕನೆಕ್ಟಿಕಟ್ಟಿನ ಲೇಕ್‌ವಿಲ್‌ನಲ್ಲಿ, ಸೆಮಿನರಿಯ ಅಧ್ಯಕ್ಷ ಹೆನ್ರಿ ಸ್ಲೋನ್ ಕಾಫಿನ್ ಅವರ ಮನೆಯಲ್ಲಿದ್ದರು. ತೋಟದಲ್ಲಿ ರಾತ್ರಿ ಮಿಂಚುಹುಳು. ಮರುದಿನ ತಿಂಡಿ ಹೊತ್ತಿಗೆ ಮನೆಯವರೆಲ್ಲ ಮೊಣಕಾಲೂರಿ ಜರ್ಮನಿಯ ಸಹೋದರರಿಗಾಗಿ ಪ್ರಾರ್ಥಿಸಿದಾಗ ಇವರಿಗೆ ತಡೆದುಕೊಳ್ಳುವುದೇ ಕಷ್ಟವಾಯಿತು. ಆ ಸಹೋದರರಲ್ಲಿ ಇವರ ವಿದ್ಯಾರ್ಥಿಗಳೂ ಇದ್ದಾರೆ. ಫಿಂಕನ್‌ವಾಲ್ಡೆಯ ಪಾದ್ರಿ ತರಬೇತಿ ಶಾಲೆಗೆ 1937ರಲ್ಲಿ ಗೆಸ್ಟಾಪೊ ಬೀಗ ಹಾಕಿದಮೇಲೂ ಪೊಮೆರೇನಿಯದ ಹಳ್ಳಿಗಾಡಿನಲ್ಲಿ ಪಾಠ ನಡೆದಿತ್ತು. ಅವರನ್ನು ಅಲ್ಲಿ ಬಿಟ್ಟು ತಾನಿಲ್ಲಿ.

ಮರುದಿನ, 21. ನಿರ್ಧಾರವಾದಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಿಲ್ಲ. ಡೈರಿಯಲ್ಲಿ ಎದುರುವಾದ ಶುರುವಾಗಿದೆ. ಇಲ್ಲಿಯವರು ತನ್ನ ಬರವನ್ನು ತಮ್ಮ ಪ್ರಾರ್ಥನೆಗೆ ಸಿಕ್ಕ ಉತ್ತರ ಅನ್ನುತ್ತಿದ್ದಾರೆ, ಅದು ಸುಳ್ಳೇ? ತಪ್ಪು ತಿಳಿವಳಿಕೆಯಿಂದ ಬಂದದ್ದೂ ದೇವರು ನಡೆಸಿದ್ದೇ ಆಗಿದ್ದರೆ? ಊರಿಂದ ಸುದ್ದಿಯೇ ಇಲ್ಲ, ತಾನಿಲ್ಲದೆ ಅಲ್ಲಿ ಎಲ್ಲ ಚೆನ್ನಾಗೇ ಸಾಗುತ್ತಿದ್ದರೆ? ಕೊನೆಗೆ ಎಲ್ಲಕ್ಕಿಂತ ನಾಚಿಕೆಯ ಪ್ರಶ್ನೆ: ಬರೀ ಊರ ನೆನಪು ಕಾಡಿ ಬೇಡ ಅಂದೆನೇ? ಹಿಂದೆಂದೂ ಇಷ್ಟು ಕಾಡದ ಆ ಹಂಬಲವನ್ನೇ ದೇವರು ತನ್ನ ಕೆಲಸಕ್ಕೆ ಬಳಸಿಕೊಂಡಿರಬಹುದೇ ಎಂದೂ ಅನ್ನಿಸುತ್ತದೆ. ಆದರೆ ಹಾಗೆ ಅಂದುಕೊಳ್ಳುವುದು ತನಗೇ ಅನುಕೂಲ ಎಂಬುದು ಅವರಿಗೆ ತಿಳಿಯದೆ ಇಲ್ಲ.

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳಲು ನಿಂತವರ ಮಾತು ನಿಮಗೂ ಗೊತ್ತು. ಪ್ರಾರ್ಥನೆ ಮಾಡಿದೆ, ಮನಸ್ಸಿಗೆ ಸಮಾಧಾನ ಸಿಕ್ಕಿತು, ಅದಕ್ಕೇ ಒಪ್ಪಿಕೊಂಡೆ. ಮದುವೆ ಸಂಬಂಧಕ್ಕೂ ಅದೇ, ಗಲ್ಫ್ ಕೆಲಸಕ್ಕೂ ಅದೇ. ಸಂಬಳ ಹೆಚ್ಚಿರುವ ಕಡೆಗೇ ದೇವರ ಚಿತ್ತ ಇಷ್ಟು ಸಲ ಬೆರಳು ತೋರಿಸುವುದು ಹೇಗೋ ನಾನರಿಯೆ. ಈ ಕೋಣೆಯಲ್ಲಿ ಸಮಾಧಾನ ಮೊದಲು ಬಂದಿಲ್ಲ. ದನಿಯೂ ಕೇಳಿಲ್ಲ. 1934ರಲ್ಲಿ ಗಾಂಧೀಜಿ ಇದೇ ಬೋನ್‌ಹೋಫರ್‌ಗೆ ಆಶ್ರಮಕ್ಕೆ ಬನ್ನಿ ಎಂದು ಪತ್ರ ಬರೆದಿದ್ದರು, ಹೋಗಲು ಆಗಲಿಲ್ಲ. ಒಳದನಿಯ ಮಾತನ್ನು ಬಹಿರಂಗವಾಗಿ ಆಡುತ್ತಿದ್ದ ಗಾಂಧಿಯ ಮುಂದೆ ಇವರು ಕೂತಿದ್ದರೆ ಏನು ಕೇಳುತ್ತಿದ್ದರು ಎಂಬ ಕುತೂಹಲ ನನಗೆ.

ದಿನಗಳು ಹೋಗುತ್ತವೆ. ಒಬ್ಬರೇ ಟೈಮ್ಸ್ ಸ್ಕ್ವೇರ್‌ನಲ್ಲಿ ಅಲೆಯುತ್ತಾರೆ. ಲೈಪರ್ ಭೇಟಿಯ ಹಿಂದಿನ ಭಾನುವಾರ ರಿವರ್‌ಸೈಡ್ ಚರ್ಚಿನ ಪ್ರಸಂಗ ಕೇಳಿ ಬೇಸತ್ತಿದ್ದರು. ಅದೇ ಸಂಜೆ ಬ್ರಾಡ್‌ವೇ ಪ್ರೆಸ್ಬಿಟೇರಿಯನ್ ಚರ್ಚಿಗೆ ಹೋದಮೇಲೆಯೇ ಸತ್ಯವೇದದ ಬೋಧನೆ ಕೇಳಿದಂತಾದದ್ದು.

ಬೆಳಿಗ್ಗೆ ಎದ್ದು ತೆರೆಯುವ ಇನ್ನೊಂದು ಪುಸ್ತಕವಿದೆ. ಹೆರ್ನ್‌ಹೂಟ್‌ನ ಮೊರೇವಿಯನ್ ಸಭೆಯವರು 1731ರಿಂದ ಅಚ್ಚು ಹಾಕಿಸುತ್ತಿರುವ ದಿನದ ವಚನಗಳು. ಹಳೆ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿ ಆರಿಸುತ್ತಾರೆ. ಹೊಸ ವರ್ಷದ ಆರಾಧನೆಯಲ್ಲಿ ನಾವು ಎತ್ತುವ ವಾಗ್ದಾನದ ಕಾರ್ಡಿನಂತೆಯೇ, ಆದರೆ ಇಲ್ಲಿ ದಿನಕ್ಕೊಂದು. ಜೂನ್ 26ರಂದು ಓದುವಾಗ ಸೆರೆಯಲ್ಲಿದ್ದ ಪೌಲ ತಿಮೊಥೆಯನಿಗೆ ಬರೆದ ಮಾತು, ಚಳಿಗಾಲ ಶುರುವಾಗುವುದರೊಳಗೆ ಬಂದುಬಿಡು ಅನ್ನುವ ಕೋರಿಕೆ, ಸಿಗುತ್ತದೆ. ಆ ಮಾತು ದಿನವಿಡೀ ಬೆನ್ನು ಬಿಡುವುದಿಲ್ಲ. ದೇವಶಾಸ್ತ್ರದ ಪಂಡಿತರಾದ ಇವರಿಗೆ, ಯಾರಿಗೋ ಬರೆದ ಪತ್ರದ ಸಾಲನ್ನು ತನ್ನ ಪ್ರಯಾಣಕ್ಕೆ ಅಂಟಿಸಿಕೊಳ್ಳುವುದು ಎಷ್ಟು ಅಪಾಯ ಎಂದು ಗೊತ್ತು. ಆದರೂ ಅದನ್ನು ತನಗೇ ಹೇಳಿದ್ದು ಎಂದು ತೆಗೆದುಕೊಳ್ಳುತ್ತಾರೆ. ಹಾಗೆ ನಡೆಯಲು ದೇವರು ಕೃಪೆ ಕೊಟ್ಟರೆ ಅದು ವಾಕ್ಯದ ದುರುಪಯೋಗವಲ್ಲ ಅನ್ನುತ್ತಾರೆ. ವಚನ ಬಂದದ್ದು ಲೈಪರ್‌ಗೆ ಬೇಡ ಅಂದ ಆರು ದಿನದ ಮೇಲೆ ಎಂಬುದನ್ನು ಮರೆಯಬೇಡಿ. ಅದು ತೀರ್ಮಾನ ಮಾಡಿಸಲಿಲ್ಲ, ಆಗಲೇ ಹೊರಟವರ ಕೈ ಹಿಡಿಯಿತು.

ತನ್ನನ್ನು ಅಮೆರಿಕಕ್ಕೆ ಕರೆಸಲು ಶ್ರಮಿಸಿದ ರೈನ್‌ಹೋಲ್ಡ್ ನೀಬರ್ ಅವರಿಗೆ ಒಂದು ಪತ್ರ ಹೋಗುತ್ತದೆ. ಈ ಕಷ್ಟಕಾಲದಲ್ಲಿ ಜನರ ಜೊತೆ ಇರದಿದ್ದರೆ, ಯುದ್ಧ ಮುಗಿದಮೇಲೆ ಜರ್ಮನಿಯಲ್ಲಿ ಕ್ರೈಸ್ತ ಬದುಕನ್ನು ಮತ್ತೆ ಕಟ್ಟುವುದರಲ್ಲಿ ತನಗೆ ಪಾಲು ಕೇಳುವ ಹಕ್ಕಿಲ್ಲ ಎಂಬುದು ಅದರ ತಾತ್ಪರ್ಯ. ಜಗತ್ತು ನೆನಪಿಟ್ಟಿರುವುದು ಆ ಪತ್ರವನ್ನೇ. ಡೈರಿಯ ತೊಳಲಾಟ ಅದರಲ್ಲಿಲ್ಲ.

ಜುಲೈ 7ರ ರಾತ್ರಿ, ನ್ಯೂಯಾರ್ಕಿನ ಬಂದರಿನಲ್ಲಿ. ಅಣ್ಣ ಕಾರ್ಲ್ ಫ್ರೀಡ್ರಿಶ್ ಜೊತೆಗಿದ್ದಾರೆ. ಬೀಳ್ಕೊಡಲು ಬಂದ ಗೆಳೆಯ ಪಾಲ್ ಲೇಮನ್ ಕಡೇ ಗಳಿಗೆಯವರೆಗೂ ಹೋಗಬೇಡ ಅನ್ನುತ್ತಾರೆ. ಹಡಗು ಬಿಡುತ್ತದೆ. ನಡುಗಡಲಲ್ಲಿ, ಡೈರಿಯ ಪ್ರಕಾರ, ಮುಂದೇನು ಎಂಬ ಒಳಗಿನ ಕಳವಳ ಎಲ್ಲೋ ಹೋಗಿಬಿಟ್ಟಿದೆ. ಸಮಾಧಾನ ಬಂತು, ಟಿಕೆಟ್ ತೆಗೆದ ಮೇಲೆ. 27ಕ್ಕೆ ಬರ್ಲಿನ್. ಸೆಪ್ಟೆಂಬರ್ 1ಕ್ಕೆ ಯುದ್ಧ.

1943ರ ಡಿಸೆಂಬರ್ 22. ಬರ್ಲಿನ್ನಿನ ಟೇಗಲ್ ಸೆರೆಮನೆ. ಏಪ್ರಿಲ್‌ನಲ್ಲಿ ಹಿಡಿದು ತಂದವರನ್ನು ಇನ್ನೂ ಬಿಟ್ಟಿಲ್ಲ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್‌ನಲ್ಲಿ ಗಲ್ಲಿಗೇರಿಸುವವರೆಗೂ ಬಿಡುವುದಿಲ್ಲ. ಗೆಳೆಯ ಎಬರ್ಹಾರ್ಟ್ ಬೇಟ್ಗೆಗೆ ಪತ್ರ ಬರೆಯುತ್ತಿದ್ದಾರೆ. 1939ರಲ್ಲಿ ಮರಳಿ ಬಂದುದಕ್ಕೆ ಒಂದು ಕ್ಷಣವೂ ಪಶ್ಚಾತ್ತಾಪ ಪಟ್ಟಿಲ್ಲ, ಏನು ಮಾಡುತ್ತಿದ್ದೇನೆಂದು ಆಗ ಚೆನ್ನಾಗಿ ಗೊತ್ತಿತ್ತು, ಶುದ್ಧ ಮನಸ್ಸಾಕ್ಷಿಯಿಂದಲೇ ಮಾಡಿದೆ ಎಂಬರ್ಥದ ಮಾತು ಅದರಲ್ಲಿದೆ. ಪ್ರವಾದಿಯ ಕೋಣೆಯ ಡೈರಿ ಓದಿದವರು ಇಲ್ಲಿ ಒಂದು ಗಳಿಗೆ ತಡೆದು ನಿಲ್ಲುತ್ತಾರೆ. ನಾನು ಎರಡನ್ನೂ ನಂಬುತ್ತೇನೆ. ಆದರೆ ನಾಳೆ ಬೆಳಿಗ್ಗೆ ಯಾರಿಗೋ ಹೂಂ ಅಥವಾ ಬೇಡ ಅನ್ನಬೇಕಾದವರ ಕೈಗೆ ಒಂದನ್ನೇ ಕೊಡು ಅಂದರೆ, ಡೈರಿಯನ್ನು ಕೊಡುತ್ತೇನೆ.