ಡಿಕ್ಕಿಯಲ್ಲಿ ಹಿಡಿಯದ್ದು

ಕಾರಿನ ಬೆನ್ನಿಗಿರುವ ಸಾಮಾನಿನ ಗೂಡಿಗೂ ಎರಡು ವಾಹನಗಳು ಮುಖಾಮುಖಿ ಹೊಡೆದುಕೊಳ್ಳುವುದಕ್ಕೂ ನಾವು ಬಳಸುವುದು ಒಂದೇ ಮಾತು: ಡಿಕ್ಕಿ. ಇದು ಆಕಸ್ಮಿಕ ಎಂದು ಭಾಷೆ ಬಲ್ಲವರು ಹೇಳಬಹುದು. ಬೇಸಿಗೆ ರಜೆ ಮುಗಿಸಿ ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಬೆಂಗಳೂರಿಗೆ ಹೊರಡುವ ಬೆಳಿಗ್ಗೆ ಅವರು ನಮ್ಮ ಅಂಗಳಕ್ಕೆ ಬಂದು ನಿಂತಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಒಂದು ಕಡೆಯಿಂದ ಅಮ್ಮ, ಇನ್ನೊಂದು ಕಡೆಯಿಂದ ನನ್ನ ಹೆಂಡತಿ, ನಡುವೆ ಬಾಯಿ ತೆರೆದುಕೊಂಡು ನಿಂತ ಕಾರು.

ಅಮ್ಮ ಎಲ್ಲವನ್ನೂ ಒಮ್ಮೆಗೇ ತರುತ್ತಿರಲಿಲ್ಲ. ಮೊದಲು ಹಲಸಿನ ಹಪ್ಪಳದ ಕಟ್ಟು ಬರುತ್ತಿತ್ತು. ಹಪ್ಪಳಕ್ಕೆ ಯಾರು ಬೇಡ ಅಂತಾರೆ? ಆಮೇಲೆ ಮಿಡಿ ಉಪ್ಪಿನಕಾಯಿಯ ಜಾಡಿ. ಸರಿ. ಕಾರಿನ ಬಾಗಿಲು ಹಾಕುವ ಹೊತ್ತಿಗೆ ಇಪ್ಪತ್ತು ತೆಂಗಿನಕಾಯಿಯ ಚೀಲ, ಅದರ ಬೆನ್ನಿಗೆ ಎರಡು ಬೂದುಗುಂಬಳ, ಬಾಳೆಗೊನೆ, ಕೊನೆಗೆ ಬೇರು ಸಮೇತ ಕಿತ್ತು ಮಣ್ಣಿನ ಉಂಡೆ ಕಟ್ಟಿದ ಕರಿಬೇವಿನ ಸಸಿ.

"ಅತ್ತೆ, ಇವೆಲ್ಲ ಅಲ್ಲೇ ಸಿಗತ್ತೆ" ಎನ್ನುತ್ತಿದ್ದಳು ನನ್ನ ಹೆಂಡತಿ.

"ಸಿಗತ್ತೆ. ದುಡ್ಡು ಕೊಟ್ರೆ ಎಂತದು ಸಿಗಲ್ಲ?" ಎಂದು ಅಮ್ಮ ಕುಂಬಳಕಾಯಿಯನ್ನು ಸೀಟಿನ ಕೆಳಗೆ ಉರುಳಿಸುತ್ತಿದ್ದಳು.

ಒಮ್ಮೆ ನಾನು ಶಾಸ್ತ್ರೋಕ್ತವಾಗಿ ವಾದ ಹೂಡಿದೆ. ಈ ಡಿಕ್ಕಿ ಬರೀ ಮುನ್ನೂರು ಚಿಲ್ಲರೆ ಲೀಟರಿನದು, ಇದರಲ್ಲಿ ಇಷ್ಟೆಲ್ಲ ಹಿಡಿಯುವುದಿಲ್ಲ ಅಂದೆ. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಲೀಟರಾ? ಮಜ್ಜಿಗೆ ತುಂಬ್ಸಿಕೊಂಡು ಹೋಗ್ತೀಯನೋ ಮಾರಾಯ?"

ಡಿಕ್ಕಿ ಕುಗ್ಗಿದ್ದರಲ್ಲಿ ನನ್ನ ತಪ್ಪೇನೂ ಇಲ್ಲ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿನೊಳಗಿನ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಆಮೇಲೆ ಕಂಪನಿಗಳು ಟೇಪು ಹಿಡಿದು ಕೂತವು. ಉದ್ದ ಹೆಚ್ಚಾದರೆ ಎಲ್ಲಿ ಕತ್ತರಿಸುವುದು? ಮುಂದೆ ಎಂಜಿನ್ನು, ನಡುವೆ ಮನುಷ್ಯರು, ಸಿಕ್ಕಿದ್ದು ಬಾಲ. ನನಗೆ ಸುಂಕ ಉಳಿಯಿತು, ಬೂದುಗುಂಬಳಕ್ಕೆ ಜಾಗ ಹೋಯಿತು.

ಉಳಿದ ಜಾಗದ ಅಡಿಯಲ್ಲಿ ಸ್ಟೆಪ್ನಿ. ವೇಲ್ಸಿನ ಲನೆತ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಇಬ್ಬರು ಸೋದರರು ಹೆಚ್ಚುವರಿ ಚಕ್ರ ತಯಾರಿಸಿ ಮಾರಿದರಂತೆ. ಆ ಬೀದಿಯ ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇವತ್ತಿಗೂ ಬದುಕಿದೆ. ಆ ಸೋದರರ ಮೇಲೆ ನನಗೆ ಗೌರವವಿದೆ. ಆದರೆ ಸ್ಟೆಪ್ನಿಯನ್ನು ಡಿಕ್ಕಿಯ ತಳದಲ್ಲಿ ಹೂಳಿದ ಪುಣ್ಯಾತ್ಮನ ಮೇಲೆ ಇಲ್ಲ. ಒಮ್ಮೆ ತಿಪಟೂರಿನ ಹತ್ತಿರ ಟೈರು ಕೂತಿತು. ಸ್ಟೆಪ್ನಿ ತೆಗೆಯಬೇಕಾದರೆ ಅಮ್ಮನ ಸಂಸಾರವೆಲ್ಲ ರಸ್ತೆಗಿಳಿಯಬೇಕು. ತೆಂಗಿನಕಾಯಿಗಳನ್ನು ಮಣ್ಣಿನ ಮೇಲೆ ಸಾಲಾಗಿ ಜೋಡಿಸಿಟ್ಟು ನಾನು ಜಾಕು ತಿರುಗಿಸುತ್ತಿದ್ದೆ. ಬೈಕಿನಲ್ಲಿ ಹೋಗುತ್ತಿದ್ದವರೊಬ್ಬರು ನಿಲ್ಲಿಸಿ, "ಜೋಡಿ ಹೆಂಗೆ?" ಅಂದರು. ತಿಪಟೂರಿನಲ್ಲಿ ನಿಂತು ತೆಂಗಿನಕಾಯಿ ಮಾರುವ ಗಂಡಸು ಯಾರೆಂದು ನೋಡಲು ಬಂದಿದ್ದರೋ ಏನೋ. ಮಾರುವುದಕ್ಕಲ್ಲ ಅಂದಾಗ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ನೀರು ಕಮ್ಮಿ" ಎಂದು ತೀರ್ಪು ಕೊಟ್ಟು ಹೋದರು.

ಅವತ್ತೇ ಹೆಂಡತಿ ನಿರ್ಧರಿಸಿದಳು: "ರೀ, ಮೇಲೊಂದು ಕ್ಯಾರಿಯರ್ ಹಾಕ್ಸಿ."

ಕ್ಯಾರಿಯರ್ ಅಂದ ಕೂಡಲೇ ನನ್ನ ಕಣ್ಣಿಗೆ ಕಟ್ಟಿದ್ದು ಅಪ್ಪ ಬಾಡಿಗೆಗೆ ತರಿಸುತ್ತಿದ್ದ ಅಂಬಾಸಿಡರ್. ವರ್ಷಕ್ಕೊಮ್ಮೆ ಉಡುಪಿಗೆ ಹೋಗುವ ಸಂಭ್ರಮ. ಒಳಗೆ ನಾವು ಹನ್ನೊಂದು ಜನ; ಸೋಡಾ ಬಾಟಲಿಯ ಕ್ರೇಟಿನ ಹಾಗೆ ಒಬ್ಬರು ಮುಂದೆ, ಒಬ್ಬರು ಹಿಂದೆ ಸರಿದು ಕೂರುವುದು. ಮೇಲೆ ಹೋಲ್ಡಾಲು, ಟ್ರಂಕು, ಅಜ್ಜಿಯ ಮಡಿ ಪಾತ್ರೆಗಳ ಬುಟ್ಟಿ. ಆ ಕಾಲದ ಕಾರುಗಳ ಟಾಪಿನ ಎರಡೂ ಅಂಚಿಗೆ ಮಳೆನೀರು ಹರಿಯಲು ಒಂದು ದೋಣಿ ಇರುತ್ತಿತ್ತು, ಥೇಟ್ ನಮ್ಮ ಹೆಂಚಿನ ಮನೆಯದರಂತೆ. ಕ್ಯಾರಿಯರಿನ ಕಾಲುಗಳು ಅದನ್ನೇ ಕಚ್ಚಿ ಹಿಡಿಯುತ್ತಿದ್ದವು. ಡ್ರೈವರಣ್ಣ ಬಂಪರಿನ ಮೇಲೆ ನಿಂತು ಹಗ್ಗ ಬಿಗಿದು, ಕೊನೆಗೊಂದು ಜೀರುಗುಣಿಕೆ ಹಾಕುತ್ತಿದ್ದ. ಊರು ಮುಟ್ಟಿದ ಮೇಲೆ ಒಂದು ತುದಿ ಜಗ್ಗಿದರೆ ಸಾಕು, ಇಡೀ ಕಟ್ಟು ಸರ್ರನೆ ಬಿಚ್ಚಿಕೊಳ್ಳುತ್ತಿತ್ತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲೂ ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ ಟ್ರಂಕು ಇದೆಯೋ ಇಲ್ಲವೋ ನೋಡುತ್ತಿದ್ದರು. ಒಳಗಿನ ಹನ್ನೊಂದು ಜನರನ್ನು ಅವರು ಒಮ್ಮೆಯೂ ಎಣಿಸಿದ್ದು ನೆನಪಿಲ್ಲ. ಆ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತೇ ಹೋಯಿತು.

ಈಗ ಕಾರಿನ ನೆತ್ತಿ ನುಣ್ಣಗೆ. ಕ್ಯಾರಿಯರಿಗೆ ಕಚ್ಚಲು ದೋಣಿಯೇ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಇದನ್ನು ತೋಡಿಕೊಂಡೆ. ಅಂಗಡಿಯವನು ಗಂಡು ನೋಡಲು ಬಂದವರ ಹಾಗೆ ವಿಚಾರಣೆಗೆ ತೊಡಗಿದ. "ಎಷ್ಟು ಜನ ಸಾರ್ ಮನೇಲಿ? ಟಾಪ್ ಮೇಲೆ ರೇಲಿಂಗ್ ಇದ್ಯಾ? ಏನು ಹಾಕ್ತೀರ ಮೇಲೆ?" ಕುಂಬಳಕಾಯಿ ಎನ್ನಲು ನಾಚಿಕೆಯಾಗಿ ಲಗೇಜು ಅಂದೆ.

ಮೊದಲು ತೋರಿಸಿದ್ದು ಮುಚ್ಚಳದ ಕಪ್ಪು ಪೆಟ್ಟಿಗೆ. ಮಳೆ, ಧೂಳು, ಕಳ್ಳ ಯಾವುದೂ ನುಗ್ಗುವಂತಿಲ್ಲ. ನೋಡಲು ಮಾತ್ರ ನೆತ್ತಿಯ ಮೇಲೆ ಮಗುಚಿಟ್ಟ ದೋಣಿ. ಇಂಥ ಪೆಟ್ಟಿಗೆಗಳಿಗೆ ಹೆಸರಾದ ಸ್ವೀಡನ್ನಿನ ಥೂಲೆ ಕಂಪನಿ 1942ರಲ್ಲಿ ಶುರುವಾದಾಗ ಮಾಡುತ್ತಿದ್ದದ್ದು ಮೀನು ಹಿಡಿಯುವ ಬೋನು, ನಮ್ಮ ಹೊಳೆಯಲ್ಲಿ ಕೂಳಿ ಇಡುತ್ತಾರಲ್ಲ, ಆ ಜಾತಿಯದು. ಅಂಗಡಿಯವನು ಬೆಲೆ ಹೇಳಿದಾಗ ಈಗ ಹಿಡಿಯುತ್ತಿರುವುದು ಯಾವ ಮೀನನ್ನು ಎಂದು ತಿಳಿಯಿತು. ಅದರ ದುಡ್ಡಿಗೆ ನನ್ನ ಮೊದಲ ಸ್ಕೂಟರು ಬಂದು, ವರ್ಷದ ಪೆಟ್ರೋಲೂ ಬರುತ್ತಿತ್ತು. ಸಾಲದ್ದಕ್ಕೆ, ದೊಡ್ಡ ಮೊಂಡು ಪೆಟ್ಟಿಗೆ ಹೊತ್ತ ಕಾರಿನ ಮೈಲೇಜು ಹೆದ್ದಾರಿಯಲ್ಲಿ ಶೇಕಡಾ 6ರಿಂದ 17ರವರೆಗೆ ಇಳಿಯುತ್ತದೆಂದು ಅಮೆರಿಕದ ಇಂಧನ ಇಲಾಖೆಯೇ ಲೆಕ್ಕ ಹಾಕಿಟ್ಟಿದೆ. ಹಿಂದಿನ ಬಾಗಿಲಿಗೆ ನೇತುಹಾಕುವ ಸ್ಟ್ಯಾಂಡು ಗಾಳಿಗೆ ಅಷ್ಟು ಅಡ್ಡ ಬರುವುದಿಲ್ಲ. ಬದಲಿಗೆ ನಂಬರ್ ಪ್ಲೇಟಿಗೆ ಅಡ್ಡ ಬರುತ್ತದೆ. ಪೊಲೀಸರಿಗೆ ಕುಂಬಳಕಾಯಿಯ ನಂಬರು ಹೇಳಲಾಗುತ್ತದೆಯೇ?

ಕೊನೆಗೆ ಒಪ್ಪಿದ್ದು ಎರಡು ಅಡ್ಡ ಬಾರು, ಅದರ ಮೇಲೊಂದು ಕಬ್ಬಿಣದ ಜಾಲರಿ. ಮನೆಗೆ ಬಂದು ಕಾರಿನ ಜತೆ ಕೊಟ್ಟ ಪುಸ್ತಕ ತೆರೆದೆ. ಕೊಂಡ ಮೇಲೆ ಓದುವುದು ನಮ್ಮ ಮನೆತನದ ಪದ್ಧತಿ. ಟಾಪಿನ ಮೇಲೆ ಹೇರಬಹುದಾದದ್ದು 50 ಕಿಲೋ, ಅದೂ ಕ್ಯಾರಿಯರಿನ ತೂಕ ಸೇರಿ. ಜಾಲರಿ, ಬಾರು ಕಳೆದರೆ ಉಳಿದದ್ದು ಮೂವತ್ತು ಚಿಲ್ಲರೆ. ಭಾರವೆಲ್ಲ ಮೇಲೆ ಕೂತರೆ ತಿರುವಿನಲ್ಲಿ ಕಾರು ವಾಲುತ್ತದೆ. ಆದ್ದರಿಂದ ತೂಕದ್ದು ಕೆಳಗೆ, ಹಗುರದ್ದು ಮೇಲೆ. ಅಂದರೆ ಕುಂಬಳಕಾಯಿಗಾಗಿ ಕೊಂಡ ಕ್ಯಾರಿಯರಿನಲ್ಲಿ ನಮ್ಮ ಬಟ್ಟೆ, ಡಿಕ್ಕಿಯಲ್ಲಿ ಕುಂಬಳಕಾಯಿ. ಅಮ್ಮ ಮೊದಲಿನಿಂದಲೂ ಕೇಳುತ್ತಿದ್ದದ್ದು ಅದನ್ನೇ.

ಅಂಗಡಿಯವನು ಹೊರಡುವಾಗ ಹೇಳಿದ್ದ ಮಾತೊಂದಿದೆ. "ಖಾಲಿ ಓಡಿಸ್ಬೇಡಿ ಸಾರ್, ಸಿಳ್ಳೆ ಹೊಡಿಯತ್ತೆ. ಹೊಡುದ್ರೆ ಬಾರಿಗೆ ಒಂದು ಹಗ್ಗ ಸುತ್ತಿ, ಸುರುಳಿ ಸುರುಳಿಯಾಗಿ. ಗಾಳಿ ಒಡದೋಗತ್ತೆ." ನಾನು ನಕ್ಕುಬಿಟ್ಟೆ. ನಮ್ಮಮ್ಮ ಇರುವ ತನಕ ಇದು ಖಾಲಿ ಓಡುವ ಪ್ರಶ್ನೆಯೇ ಇಲ್ಲ ಅಂದೆ.

ಎರಡು ಬೇಸಿಗೆ ಹಾಗೇ ನಡೆಯಿತು. ತಾಡಪಾಲು ಪಟಪಟ ಬಡಿಯುತ್ತಿತ್ತು, ಬೆಲ್ಟುಗಳು ಅರಸೀಕೆರೆಗೆ ಒಮ್ಮೆ, ತುಮಕೂರಿಗೆ ಒಮ್ಮೆ ಸಡಿಲವಾಗುತ್ತಿದ್ದವು. ಜೀರುಗುಣಿಕೆ ಮಾತ್ರ ನನ್ನ ಕೈಗೆ ಬರಲೇ ಇಲ್ಲ. ನಾನು ಹಾಕಿದ ಗಂಟನ್ನು ಪ್ರತಿ ಸಲ ಕುಡುಗೋಲೇ ಬಿಚ್ಚಬೇಕು. ಮೇಲೆ ಕಟ್ಟಿದ ಬಾಳೆಗೊನೆಯನ್ನು ಮರೆತು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನುಗ್ಗಿ, ಎತ್ತರದ ಪಟ್ಟಿಗೆ ತಾಗಿಸಿ, ಎರಡು ಚಿಪ್ಪು ಹಣ್ಣನ್ನು ವಾಚ್‌ಮನ್ನನ ತಲೆಗೆ ಅಭಿಷೇಕ ಮಾಡಿದ್ದೂ ಆಯಿತು.

ಅಪ್ಪ ಹೋದ ಮೇಲೆ ಅಮ್ಮ ನಾಲ್ಕು ಮಳೆಗಾಲ ಒಬ್ಬಳೇ ಕಳೆದಳು. ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ, ಬರುತ್ತೇನೆ ಅಂದಳು. ಕರೆತರಲು ಹೋದಾಗ ನಾನು ಪೂರ್ತಿ ಸಿದ್ಧನಾಗಿದ್ದೆ. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಮೇಲೆ ಹೇರಿ, ಹೊಸ ತಾಡಪಾಲು, ಹೊಸ ಬೆಲ್ಟು. ದೇವರ ಮಂಟಪ ಎಲ್ಲಿ, ಹಿತ್ತಾಳೆ ಹಂಡೆ ಎಲ್ಲಿ, ಕುಂಬಳಕಾಯಿ ಎಷ್ಟು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ.

ಅಮ್ಮ ಒಂದು ಚೀಲ ಹಿಡಿದು ಹೊರಬಂದಳು. ಜಿಪ್ಪು ಕೆಟ್ಟಿತ್ತೆಂದು ಅದಕ್ಕೆ ಬಾವಿಯ ಹಗ್ಗ ಸುತ್ತಿ ಕಟ್ಟಿದ್ದಳು.

"ಇಷ್ಟೇನಾ?" ಅಂದೆ.

"ಅಲ್ಲೇ ಎಲ್ಲ ಸಿಗತ್ತಲ್ಲೋ."

ನನ್ನ ಹೆಂಡತಿ ಏನೂ ಮಾತಾಡದೆ ಹಿತ್ತಲಿಗೆ ಹೋದಳು. ತಿರುಗಿ ಬರುವಾಗ ಕೈಯಲ್ಲಿ ಮಣ್ಣಿನ ಉಂಡೆ ಸಮೇತ ಒಂದು ಕರಿಬೇವಿನ ಸಸಿ. ಡಿಕ್ಕಿಯಲ್ಲಿ ಅದನ್ನು ಎಲ್ಲಿ ಬೇಕಾದರೂ ಇಡಬಹುದಿತ್ತು.

ಪೆಟ್ಟಿಗೆಗಳನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೊರಟೆವು. ತರೀಕೆರೆ ದಾಟಿ ವೇಗ ಹೆಚ್ಚಿದ್ದೇ ತಡ, ತಲೆಯ ಮೇಲೆ ಸಣ್ಣಗೆ ಶುರುವಾಯಿತು. "ಯಾರೋ ಸಿಳ್ಳೆ ಹೊಡೀತಿದಾರೆ, ನೋಡೋ" ಅಂದಳು ಅಮ್ಮ. ಗಾಳಿ ಅಂದೆ. ಮತ್ತೆರಡು ಮೈಲಿ ಹೋದ ಮೇಲೆ ಅಂಗಡಿಯವನ ಮಾತನ್ನೂ ಹೇಳಿದೆ. "ಮತ್ತೆ ಗಾಡಿ ನಿಲ್ಸು" ಎಂದು ಚೀಲದ ಹಗ್ಗದ ಒಂದು ತುದಿ ಹಿಡಿದು ಜಗ್ಗಿದಳು. ಸರ್ರನೆ ಬಿಚ್ಚಿಕೊಂಡಿತು.

ಮುಂದಿನ ಬಾರಿಗೆ ಸುತ್ತಲು ಅದು ಸರಿಯಾಗಿ ಸಾಕಾಯಿತು. ಬೆಂಗಳೂರಿನವರೆಗೆ ಬಾಯಿ ತೆರೆದ ಚೀಲವನ್ನು ಅಮ್ಮ ತೊಡೆಯ ಮೇಲೆ ಹಿಡಿದುಕೊಂಡೇ ಕೂತಿದ್ದಳು.

ಯಾರಿಗಾದರೂ ಕ್ಯಾರಿಯರ್ ಬೇಕಿದ್ದರೆ ಹೇಳಿ. ಎರಡು ವರ್ಷವಷ್ಟೇ ಬಳಸಿದ್ದು, ತುಕ್ಕು ಹಿಡಿದಿಲ್ಲ. ಬಾರಿಗೆ ಸುತ್ತಿದ ಹಗ್ಗವನ್ನು ಮಾತ್ರ ಬಿಚ್ಚಿಕೊಂಡು ಕೊಡುತ್ತೇನೆ.